ರೋಗಿಯ ಮಾತಿನಲ್ಲೇ ಬರೆಯಿರಿ

ವೈದ್ಯಶಿಕ್ಷಣದಲ್ಲಿ ಜನಸಂಸ್ಕೃತಿಯ ಅರಿವು: ದತ್ತಿ ಉಪನ್ಯಾಸ



ವೈದ್ಯವಿದ್ಯಾರ್ಥಿ ಎರಡನೆಯ ವರ್ಷದಲ್ಲಿ ವಾರ್ಡಿಗೆ ಕಾಲಿಟ್ಟಾಗ ಕಲಿಯುವ ಮೊದಲ ನಿಯಮಗಳಲ್ಲಿ ಒಂದು ಬಹಳ ಹಳೆಯದು. ಕೇಸ್‌ಶೀಟಿನಲ್ಲಿ ಹೆಸರು, ವಯಸ್ಸು, ಊರು, ಕಸುಬು ಬರೆದುಕೊಂಡ ಮೇಲೆ, ರೋಗಿಯನ್ನು ಆಸ್ಪತ್ರೆಗೆ ಕರೆತಂದ ಮುಖ್ಯ ತೊಂದರೆ ಯಾವುದು ಎಂಬುದನ್ನು ರೋಗಿಯ ಮಾತಿನಲ್ಲೇ ಬರೆಯಬೇಕು. ಪಠ್ಯಪುಸ್ತಕಗಳು ಇದನ್ನು ತಲೆಮಾರುಗಳಿಂದ ಹೇಳಿಕೊಂಡು ಬಂದಿವೆ. ಆದರೆ ನಮ್ಮ ವೈದ್ಯಕೀಯ ಕಾಲೇಜುಗಳ ಕೇಸ್‌ಶೀಟುಗಳಲ್ಲಿ ಆ ಸಾಲು ಇಂಗ್ಲಿಷಿನಲ್ಲಿರುತ್ತದೆ. ಸಿರುಗುಪ್ಪ ಕಡೆಯ ಹೆಣ್ಣುಮಗಳು ‘ಎದಿ ಝಲ್ಲಂತೈತ್ರಿ, ಹೊಟ್ಯಾಗ ಸಂಕಟ’ ಎನ್ನುತ್ತಾಳೆ. ಹಾಳೆಯ ಮೇಲೆ ‘ಪಾಲ್ಪಿಟೇಷನ್’ ಎಂದೋ ‘ಗ್ಯಾಸ್ಟ್ರೈಟಿಸ್’ ಎಂದೋ ಬೀಳುತ್ತದೆ. ಅವಳು ಹೇಳಿದ್ದಕ್ಕೂ ಬರೆದದ್ದಕ್ಕೂ ನಡುವೆ ಒಂದು ತೀರ್ಮಾನ ನಡೆದುಹೋಗಿದೆ. ಆ ತೀರ್ಮಾನ ಸರಿಯೇ ತಪ್ಪೇ ಎಂದು ಮುಂದೆ ಯಾರೂ ಪರೀಕ್ಷಿಸಲಾರರು, ಏಕೆಂದರೆ ಮೂಲಮಾತು ಎಲ್ಲಿಯೂ ಉಳಿದಿಲ್ಲ. ವೈದ್ಯರಾಗಲಿರುವವರಿಗೆ ಜನರ ಸಂಸ್ಕೃತಿಯನ್ನು ಅರಿಯುವುದನ್ನು ಕಲಿಸಬೇಕು ಎಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. ಅದಕ್ಕಾಗಿ ಹೊಸ ವಿಷಯವನ್ನೋ ಹೊಸ ಪುಸ್ತಕವನ್ನೋ ಹುಡುಕುವ ಮೊದಲು ಈ ಹಳೆಯ ನಿಯಮವನ್ನು ಅಕ್ಷರಶಃ ಪಾಲಿಸಬೇಕು, ಅದನ್ನು ಪರೀಕ್ಷೆಗೆ ಒಳಪಡಿಸಬೇಕು ಎಂಬುದು ನನ್ನ ವಾದ.

ಬಳ್ಳಾರಿಯಲ್ಲಿ ನಿಂತು ಈ ಮಾತನ್ನಾಡುವುದಕ್ಕೆ ಕಾರಣಗಳಿವೆ. ಇಲ್ಲಿ 1961ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಮುಂದೆ ಅದು ವಿಮ್ಸ್ ಎಂದು ಹೆಸರಾಯಿತು. ಈಚೆಗೆ ಅದಕ್ಕೆ ಮತ್ತೊಂದು ಹೆಸರು ಬಂದರೂ ಜನ ಇಂದಿಗೂ ವಿಮ್ಸ್ ಎಂದೇ ಕರೆಯುತ್ತಾರೆ. ಅದರ ಹೊರರೋಗಿ ವಿಭಾಗದ ಸಾಲಿನಲ್ಲಿ ನಿಂತವರ ಮಾತನ್ನು ಕೇಳಿದರೆ ಈ ಸೀಮೆಯ ಚರಿತ್ರೆಯೇ ಕೇಳಿಸುತ್ತದೆ. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಮದ್ರಾಸ್ ರಾಜ್ಯದಲ್ಲಿತ್ತು. ಅಂದು ಜಿಲ್ಲೆ ಒಡೆಯಿತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು, ಬಳ್ಳಾರಿ ಮೈಸೂರಿಗೆ ಬಂತು. ಗಡಿಯ ಗೆರೆ ಬಿದ್ದರೂ ರೋಗಿಗಳ ದಾರಿ ಬದಲಾಗಲಿಲ್ಲ. ಆ ಕಡೆಯವರು ಇಂದಿಗೂ ಇಲ್ಲಿಗೇ ಬರುತ್ತಾರೆ. ತುಂಗಭದ್ರಾ ಅಣೆಕಟ್ಟಿನ ಕಾಲುವೆ ನೀರು ಹರಿದ ಮೇಲೆ ಸಿರುಗುಪ್ಪ ಭತ್ತದ ಸೀಮೆಯಾಯಿತು. ಆಂಧ್ರದ ಕರಾವಳಿಯಿಂದ ಬಂದ ರೈತರು ಕ್ಯಾಂಪುಗಳನ್ನು ಕಟ್ಟಿಕೊಂಡು ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ ಆಡುತ್ತ ಉಳಿದರು. ಕೌಲ್‌ಬಜಾರಿನಲ್ಲಿ ದಖನಿ ಉರ್ದು, ತಾಂಡಾಗಳಲ್ಲಿ ಲಂಬಾಣಿ. ಕುರುಗೋಡಿನ ಕನ್ನಡಕ್ಕೂ ಬೆಂಗಳೂರಿನ ಕನ್ನಡಕ್ಕೂ ಇರುವ ದೂರವನ್ನು ಬೇರೆ ಹೇಳಬೇಕಿಲ್ಲ. ಇಂಥ ಊರಿಗೆ ಅಖಿಲ ಭಾರತ ಕೋಟಾದಲ್ಲಿ ನೂರಕ್ಕೆ 15ರಷ್ಟು ಎಂಬಿಬಿಎಸ್ ವಿದ್ಯಾರ್ಥಿಗಳು ಬರುತ್ತಾರೆ. ಸ್ನಾತಕೋತ್ತರದಲ್ಲಿ ಅರ್ಧದಷ್ಟು ಸೀಟು ಹಾಗೆಯೇ ತುಂಬುತ್ತವೆ. ರಾತ್ರಿ ಪಾಳಿಯಲ್ಲಿ ರೋಗಿಯ ಎದುರು ಮೊದಲು ನಿಲ್ಲುವವರು ಬಹುತೇಕ ಇವರೇ.

ಭಾಷೆ ಬಂದರೆ ಸಾಲದೇ ಎಂದು ಕೇಳಬಹುದು. ಸಾಲದು. ‘ಸಂಕಟ’ ಎಂಬ ಒಂದೇ ಪದವನ್ನು ನೋಡಿ. ನಿಘಂಟಿನಲ್ಲಿ ಅದಕ್ಕೆ ದುಃಖ ಎಂಬ ಅರ್ಥ ಸಿಗುತ್ತದೆ. ಊರಲ್ಲಿ ವಾಂತಿ ಬರುವಂತಾಗುವುದೂ ಸಂಕಟ, ಮೇಲುಹೊಟ್ಟೆ ಹಿಂಡುವುದೂ ಸಂಕಟ, ಮಗಳ ಮದುವೆಯ ಸಾಲವೂ ಸಂಕಟ. ಹೃದಯದ ಕೆಳಗೋಡೆಗೆ ರಕ್ತ ನಿಂತಾಗ ಎದೆನೋವು ಕಾಣಿಸದೆ ಮೇಲುಹೊಟ್ಟೆಯ ಸಂಕಟವಷ್ಟೇ ಕಾಣಿಸಬಹುದೆಂದು ಪ್ರತಿ ವಿದ್ಯಾರ್ಥಿಯೂ ಓದಿರುತ್ತಾನೆ. ಆದರೆ ಆ ಪಾಠವನ್ನು ಅವನು ಓದಿದ್ದು ಇಂಗ್ಲಿಷಿನಲ್ಲಿ, ರೋಗಿ ಹೇಳುತ್ತಿರುವುದು ಕನ್ನಡದಲ್ಲಿ. ಎರಡನ್ನೂ ಕೂಡಿಸುವ ಕೊಂಡಿಯನ್ನು ಯಾರೂ ಕಲಿಸಿಲ್ಲ. ‘ಗ್ಯಾಸ್’ ಎಂದು ಬರೆದು ಮಾತ್ರೆ ಕೊಟ್ಟು ಕಳಿಸುವ ಅಪಾಯ ಹುಟ್ಟುವುದು ಇಲ್ಲಿ. ‘ಉರಿ’ ಎಂಬ ಪದವೂ ಹಾಗೆಯೇ. ಅಂಗಾಲಿನ ಉರಿ ಸಕ್ಕರೆ ಕಾಯಿಲೆಯಿಂದ ನರ ಕೆಟ್ಟದ್ದರ ಗುರುತಾಗಿರಬಹುದು, ಉಚ್ಚೆಯ ಉರಿ ಸೋಂಕಿನದಾಗಿರಬಹುದು, ಹೊಟ್ಟೆಯ ಉರಿ ಆಮ್ಲದ್ದೋ ಮನಸ್ಸಿನದೋ ಎಂದು ಕೇಳಿಯೇ ತಿಳಿಯಬೇಕು. ‘ಕೈಕಾಲು ಹರೀತಾವ’ ಎಂದರೆ ಸೀಳಿಹೋಗುತ್ತಿವೆ ಎಂದಲ್ಲ, ಸೆಳೆತ ಮತ್ತು ನೋವು. ‘ಹೊರಗಾಗೀನಿ’ ಎಂದವಳು ಮನೆಯಿಂದ ಹೊರಗೆ ಹೋದದ್ದನ್ನು ಹೇಳುತ್ತಿಲ್ಲ, ಮುಟ್ಟಿನ ದಿನವನ್ನು ಹೇಳುತ್ತಿದ್ದಾಳೆ. ‘ಅಮ್ಮ ಬಂದಾಳ’ ಎಂದಾಗ ಮಗುವಿನ ಮೈಮೇಲೆ ಗುಳ್ಳೆಯೋ ದಡಾರವೋ ಎದ್ದಿದೆ. ಎದೆ ಝಲ್ಲೆನ್ನುವುದಕ್ಕೆ ತೆಲುಗಿನವರು ‘ಗುಂಡೆದಡ’ ಎನ್ನುತ್ತಾರೆ, ಕೌಲ್‌ಬಜಾರಿನವರು ‘ದಿಲ್ ಘಬ್ರಾತಾ’ ಎನ್ನುತ್ತಾರೆ. ಮೂರರಲ್ಲೂ ಹೃದಯದ ಬಡಿತವೂ ಇದೆ, ಭಯವೂ ಇದೆ. ಎರಡರಲ್ಲಿ ಒಂದನ್ನೇ ಆರಿಸಿ ಇಂಗ್ಲಿಷಿಗೆ ತಂದಾಗ ಇನ್ನೊಂದು ಕೈಬಿಟ್ಟುಹೋಗುತ್ತದೆ.

ಹಾಗೆ ಕೈಬಿಟ್ಟದ್ದರಿಂದ ಏನಾಗುತ್ತದೆ ಎಂಬುದಕ್ಕೆ ನೆರೆಯ ಗೋವಾದಲ್ಲಿ ಒಳ್ಳೆಯ ಆಧಾರವಿದೆ. ಅಲ್ಲಿ ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಎರಡು ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳನ್ನು ಸಮೀಕ್ಷೆ ಮಾಡಿ, ಬಿಳಿ ಹೋಗುತ್ತದೆ ಎಂಬ ದೂರಿನ ಬೆನ್ನು ಹತ್ತಿದರು. 2005ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಈ ದೂರಿಗೆ ಸೋಂಕಿಗಿಂತ ಹೆಚ್ಚಾಗಿ ಮನಸ್ಸಿನ ಬೇಗುದಿ, ಬದುಕಿನ ಒತ್ತಡಗಳ ನಂಟಿತ್ತು. ಬಳ್ಳಾರಿ ಸೀಮೆಯಲ್ಲೂ ಬಿಳಿ ಸೆರಗು, ಸೊಂಟನೋವು, ಕಸುವಿಲ್ಲದಿರುವುದು, ಈ ಮೂರೂ ಒಂದೇ ಉಸಿರಿನಲ್ಲಿ ಬರುವ ಮಾತುಗಳು. ಬಿಳಿ ಸೆರಗು ಎಂದೊಡನೆ ಸೋಂಕಿನ ಔಷಧಿ ಬರೆದರೆ, ಇಲ್ಲದ ಸೋಂಕಿಗೆ ಮದ್ದು, ಇರುವ ಬೇಗುದಿಗೆ ಮೌನ. ಮದ್ದಿನಿಂದ ಗುಣವಾಗದಾಗ ಅವಳು ಮತ್ತೊಬ್ಬ ವೈದ್ಯರಲ್ಲಿಗೆ ಹೋಗುತ್ತಾಳೆ, ಅಲ್ಲಿಯೂ ಅದೇ ಮಾತ್ರೆ. ಇದರಲ್ಲಿ ಯಾವ ವೈದ್ಯರದೂ ದುರುದ್ದೇಶವಿಲ್ಲ. ಅವಳ ಮಾತಿನಲ್ಲಿ ಮೂರು ಸಂಗತಿಗಳಿದ್ದವು, ಬರಹದಲ್ಲಿ ಒಂದೇ ಉಳಿಯಿತು.

ಹೊರಜಗತ್ತಿನಲ್ಲಿ ಈ ಚಿಂತನೆ ಬೆಳೆದ ಬಗೆಯನ್ನು ಸ್ವಲ್ಪ ನೋಡಬೇಕು, ಏಕೆಂದರೆ ಅಲ್ಲಿ ಆದ ತಪ್ಪನ್ನು ನಾವು ಮರುಕಳಿಸಬೇಕಿಲ್ಲ. ಅಮೆರಿಕದ ಮನೋವೈದ್ಯ ಮತ್ತು ಮಾನವಶಾಸ್ತ್ರಜ್ಞ ಆರ್ಥರ್ ಕ್ಲೈನ್‌ಮನ್ ತೈವಾನಿನಲ್ಲಿ ಮಾಡಿದ ಕೆಲಸದಿಂದ 1970ರ ದಶಕದ ಕೊನೆಗೆ ಒಂದು ಸರಳ ಪ್ರಶ್ನಾವಳಿಯನ್ನು ರೂಪಿಸಿದರು. ನಮ್ಮ ಮಾತಿನಲ್ಲಿ ಹೇಳುವುದಾದರೆ: ಈ ಜಡ್ಡಿಗೆ ನೀವೇನಂತೀರಿ? ಯಾಕ ಬಂತು ಅನಿಸ್ತೈತಿ? ಈಗಲೇ ಯಾಕ ಬಂತು? ಇದರಾಗ ನಿಮಗ ಭಾಳ ಹೆದರಿಕಿ ಯಾವುದರದು? ಮುಂದೆ ಈ ವಿಷಯ ಕೋರ್ಸು, ಕಾರ್ಯಾಗಾರಗಳ ಕೈಗೆ ಹೋಯಿತು. ಇಂಥ ಸಮುದಾಯದವರು ಹೀಗೆ ನಂಬುತ್ತಾರೆ, ಇಂಥವರು ಇದನ್ನು ತಿನ್ನುವುದಿಲ್ಲ ಎಂಬ ಪಟ್ಟಿಗಳು ತಯಾರಾದವು. 1998ರಲ್ಲಿ ಮೆಲನಿ ಟರ್ವಲಾನ್ ಮತ್ತು ಜ್ಯಾನ್ ಮರ್ರೆ-ಗಾರ್ಸಿಯಾ ಎಂಬ ಇಬ್ಬರು ವೈದ್ಯೆಯರು ಸಾಂಸ್ಕೃತಿಕ ಪರಿಣತಿ ಎಂಬ ಮಾತೇ ದಾರಿ ತಪ್ಪಿಸುತ್ತದೆ, ಬೇಕಾದ್ದು ವಿನಯ ಎಂದು ಬರೆದರು. 2006ರಲ್ಲಿ ಕ್ಲೈನ್‌ಮನ್ ಅವರೇ ಸಹಲೇಖಕರೊಬ್ಬರೊಂದಿಗೆ ಇಂಥ ಪಟ್ಟಿಗಳ ಅಪಾಯವನ್ನು ಎತ್ತಿ ತೋರಿಸಿದರು. ನ್ಯೂಜಿಲೆಂಡಿನ ಮಾವೊರಿ ದಾದಿ ಇರಿಹಪೇಟಿ ರಾಮ್ಸ್‌ಡೆನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆಸ್ಪತ್ರೆಯಲ್ಲಿ ಯಾರ ಕೈಯಲ್ಲಿ ಅಧಿಕಾರವಿದೆ ಎಂಬುದನ್ನೇ ಪಾಠದ ವಸ್ತುವಾಗಿಸಿದರು. ಇವರೆಲ್ಲ ಹೇಳಿದ್ದರಿಂದ ನಾನು ಎತ್ತಿಕೊಳ್ಳುವುದು ಇಷ್ಟು: ಲಂಬಾಣಿಗರು ಹೀಗೆ, ಮುಸಲ್ಮಾನರು ಹಾಗೆ ಎಂದು ಬಾಯಿಪಾಠ ಮಾಡಿದ ವೈದ್ಯ ಎದುರಿನ ಮನುಷ್ಯನನ್ನು ಕೇಳುವುದನ್ನು ನಿಲ್ಲಿಸುತ್ತಾನೆ. ರಂಜಾನಿನಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆಯ ಹೊತ್ತನ್ನು ಸಹರಿ-ಇಫ್ತಾರಿಗೆ ಹೊಂದಿಸಲು ಗೊತ್ತಿರಬೇಕು, ನಿಜ. ಆದರೆ ಈ ರೋಗಿ ಉಪವಾಸ ಹಿಡಿದಿದ್ದಾರೆಯೇ ಎಂದು ಮೊದಲು ಕೇಳಬೇಕಲ್ಲವೇ?

ಕೇಳುವುದನ್ನು ಸರ್ಕಾರಿ ವೈದ್ಯರಿಗೆ ಕಲಿಸಬಹುದೆಂದು ತೋರಿಸಿದ ಪ್ರಯೋಗ ಈ ಜಿಲ್ಲೆಯಲ್ಲೇ ನಡೆದಿದೆ. ಬಳ್ಳಾರಿಯವರಿಗೇ ಅದು ಮರೆತುಹೋಗಿರುವುದು ನನಗೆ ನೋವಿನ ಸಂಗತಿ. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಘೋಷಣೆಯಾದಾಗ ಅದನ್ನು ಒಂದು ಇಡೀ ಜಿಲ್ಲೆಯಲ್ಲಿ ನಡೆಸಿ ನೋಡಿದವರು ಯಾರೂ ಇರಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಹೊರವಲಯದ ಸಕಲವಾರದಲ್ಲಿ ಮಾಡಿದ ಸಣ್ಣ ಪ್ರಯೋಗದ ಅನುಭವ ಹಿಡಿದುಕೊಂಡು ಬಳ್ಳಾರಿ ಜಿಲ್ಲೆಗೆ ಬಂತು. 1985ರಿಂದ 1990ರವರೆಗೆ ಇಲ್ಲಿ ನಡೆದ ಕೆಲಸಕ್ಕೆ ದೇಶದ ಮನೋವೈದ್ಯ ಸಾಹಿತ್ಯದಲ್ಲಿ ‘ಬಳ್ಳಾರಿ ಮಾದರಿ’ ಎಂದೇ ಹೆಸರು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರಿಗೆ ಕೆಲವೇ ವಾರಗಳ ತರಬೇತಿ ಕೊಟ್ಟರು. ಊರೂರು ತಿರುಗುವ ಆರೋಗ್ಯ ಕಾರ್ಯಕರ್ತರಿಗೆ ಅದಕ್ಕಿಂತ ಚಿಕ್ಕ ತರಬೇತಿ. ಕೆಲವೇ ಬಗೆಯ ಔಷಧಿಗಳನ್ನು ಕೇಂದ್ರಗಳಲ್ಲೇ ಸಿಗುವಂತೆ ಮಾಡಿದರು, ಸರಳ ದಾಖಲೆಗಳನ್ನು ಇಟ್ಟರು, ಪ್ರತಿ ತಿಂಗಳೂ ಕುಳಿತು ಕೆಲಸವನ್ನು ಪರಿಶೀಲಿಸಿದರು. ಮನೋರೋಗದ ಜೊತೆಗೆ ಮೂರ್ಛೆರೋಗವನ್ನೂ ಸೇರಿಸಿಕೊಂಡರು. ಮೂರ್ಛೆ ಬಿದ್ದವರ ಕೈಗೆ ಕಬ್ಬಿಣ ಕೊಡುವ, ಮೂಗಿಗೆ ಈರುಳ್ಳಿ ಹಿಡಿಯುವ ಜನರ ನಡುವೆ ದಿನದ ಒಂದು ಮಾತ್ರೆಯನ್ನು ವರ್ಷಗಟ್ಟಲೆ ನುಂಗಿಸುವುದು ಬರೀ ಔಷಧಶಾಸ್ತ್ರದಿಂದ ಆಗುವ ಕೆಲಸವಲ್ಲ. ಗಾಳಿ ಸೋಕಿದೆ, ಮೈಮೇಲೆ ಬರುತ್ತದೆ, ಯಾರೋ ಮಾಡಿಸಿದ್ದಾರೆ ಎಂದು ಜನ ಹೇಳುವುದನ್ನು ಕೇಳಿ, ಅದರಲ್ಲಿ ಕಾಯಿಲೆಯ ಗುರುತು ಹಿಡಿಯುವುದನ್ನು ಕಾರ್ಯಕರ್ತರು ಕಲಿಯಬೇಕಿತ್ತು. ನಿಮ್ಹಾನ್ಸಿನಲ್ಲಿದ್ದು ಮೈಮೇಲೆ ಬರುವ ಸ್ಥಿತಿಯನ್ನು ಅಧ್ಯಯನ ಮಾಡಿದ ಸಿ.ಆರ್. ಚಂದ್ರಶೇಖರ್ ಆ ಬಗೆಯ ಅರಿವನ್ನು ಮುಂದೆ ಹತ್ತಾರು ಕನ್ನಡ ಪುಸ್ತಕಗಳ ಮೂಲಕ ಮನೆಮನೆಗೆ ಮುಟ್ಟಿಸಿದರು. 2024ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಬಳ್ಳಾರಿಯ ಅನುಭವವನ್ನೇ ಆಧಾರವಾಗಿಟ್ಟುಕೊಂಡು 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ನಾಲ್ಕು ಜಿಲ್ಲೆಗಳಲ್ಲಿ ಆರಂಭಿಸಿತು. ಇಂದು ಅದು ದೇಶದ ಬಹುಪಾಲು ಜಿಲ್ಲೆಗಳಿಗೆ ಹಬ್ಬಿದೆ.

ಈ ಕತೆಯ ಮುಂದಿನ ಭಾಗವೂ ನಮಗೆ ಪಾಠ. ಕಾರ್ಯಕ್ರಮ ಹಬ್ಬುತ್ತ ಹೋದಂತೆ ಎಣಿಸಲು ಸುಲಭವಾದದ್ದು ಉಳಿಯಿತು: ಎಷ್ಟು ರೋಗಿಗಳು, ಎಷ್ಟು ಮಾತ್ರೆ. 2009ರಲ್ಲಿ ಸುಮೀತ್ ಜೈನ್ ಮತ್ತು ಸುಶ್ರುತ್ ಜಾಧವ್ ಉತ್ತರ ಭಾರತದ ಒಂದು ಕೇಂದ್ರವನ್ನು ಹತ್ತಿರದಿಂದ ನೋಡಿ ಬರೆದ ಪ್ರಬಂಧ, ಸಮುದಾಯದ ದನಿಗೆ ಕಿವಿಗೊಡಬೇಕೆಂದಿದ್ದ ನೀತಿಯನ್ನು ಮಾತ್ರೆಯೇ ನುಂಗಿಹಾಕಿತು ಎಂದು ಹೇಳುತ್ತದೆ. ತರಬೇತಿ ಪಡೆದ ವೈದ್ಯರು ಅಲ್ಲಿಯೂ ಇದ್ದರು, ಔಷಧಿಯೂ ಇತ್ತು. ರೋಗಿಯ ಮಾತನ್ನು ದಾಖಲಿಸುವ ಜಾಗ ಮಾತ್ರ ಇರಲಿಲ್ಲ. ನಮ್ಮ ವೈದ್ಯಶಿಕ್ಷಣದಲ್ಲಿ ಈಗ ಆಗುತ್ತಿರುವ ಸುಧಾರಣೆಗೂ ಇದೇ ಗತಿ ಬರಬಾರದೆಂಬುದೇ ನನ್ನ ಕಾಳಜಿ.

ಸುಧಾರಣೆ ಆಗುತ್ತಿದೆ ಎಂಬುದನ್ನು ಒಪ್ಪಲೇಬೇಕು. 2019ರಲ್ಲಿ ಸೇರಿದ ತಂಡದಿಂದ ಎಂಬಿಬಿಎಸ್ ಪಠ್ಯಕ್ರಮ ಬದಲಾಯಿತು. ಮನೋಭಾವ, ನೀತಿ, ಸಂವಹನ ಎಂಬ ಮೂರನ್ನು ಸೇರಿಸಿ ‘ಏಟ್‌ಕಾಮ್’ ಎಂಬ ಪಾಠಗಳು ಮೊದಲ ವರ್ಷದಿಂದಲೇ ಬಂದವು. ಕಾಲೇಜು ಸೇರಿದ ಹೊಸತರಲ್ಲಿ ನಡೆಯುವ ಬುನಾದಿ ಕೋರ್ಸಿನಲ್ಲಿ ಸ್ಥಳೀಯ ಭಾಷೆಗೆ ಜಾಗವಿದೆ. 2022ರಲ್ಲಿ ಬಂದ ಕುಟುಂಬ ದತ್ತು ಯೋಜನೆಯಂತೆ ಪ್ರತಿ ವಿದ್ಯಾರ್ಥಿಯೂ ಹಳ್ಳಿಯ ಕೆಲವು ಕುಟುಂಬಗಳ ಆರೋಗ್ಯವನ್ನು ವರ್ಷಗಳ ಕಾಲ ನೋಡಿಕೊಳ್ಳಬೇಕು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯದು ಬೇಕಿಲ್ಲ. ಆದರೆ ಕೆಲವು ವಾರಗಳಲ್ಲಿ ಕಲಿತ ‘ನಿಮ್ಮ ಹೆಸರೇನು, ಎಲ್ಲಿ ನೋವು’ ಎಂಬ ಕನ್ನಡ, ಒಂದು ವರ್ಷ ಅಂಗರಚನೆ, ಜೀವರಸಾಯನಗಳಲ್ಲಿ ಮುಳುಗಿ ಎದ್ದು ವಾರ್ಡಿಗೆ ಬರುವ ಹೊತ್ತಿಗೆ ಆರಿಹೋಗಿರುತ್ತದೆ. ಕುಟುಂಬ ಭೇಟಿ ಮುಗಿದ ಮೇಲೆ ತುಂಬಿಸಬೇಕಾದ ನಮೂನೆಯಲ್ಲಿ ರಕ್ತದೊತ್ತಡ, ತೂಕ, ಶೌಚಾಲಯ, ಕುಡಿಯುವ ನೀರಿಗೆ ಅಂಕಣಗಳಿದ್ದರೆ ವಿದ್ಯಾರ್ಥಿ ಅವನ್ನು ತುಂಬುತ್ತಾನೆ. ಮನೆಯೊಡತಿಯ ಮಾತಿಗೆ ಅಂಕಣವಿಲ್ಲದಿದ್ದರೆ ಅದನ್ನು ಯಾಕೆ ಬರೆಯುತ್ತಾನೆ? ಅಂಕವಿಲ್ಲದ್ದನ್ನು ಓದದಿರುವುದು ವಿದ್ಯಾರ್ಥಿಯ ಆಲಸ್ಯವೆಂದು ನಾನು ಹೇಳಲಾರೆ. ಯಾವುದು ಮುಖ್ಯ ಎಂಬುದನ್ನು ಪರೀಕ್ಷೆಯ ಮೂಲಕ ನಾವೇ ಅವನಿಗೆ ತಿಳಿಸಿದ್ದೇವೆ.

ಕೇಳದಿದ್ದರೆ ತಪ್ಪಿಹೋಗುವುದೇನು ಎಂಬುದಕ್ಕೆ ಈ ಸೀಮೆಯ ಹೆರಿಗೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಬಳ್ಳಾರಿಗೆ ಕೊಟ್ಟ ಸಿರುಗುಪ್ಪದ ಹೆಣ್ಣುಮಗಳಿಗೆ ಕುಬುಸ ಮಾಡಿ ತವರಿಗೆ ಕರೆದೊಯ್ಯುತ್ತಾರೆ. ಚೊಚ್ಚಲ ಹೆರಿಗೆ ತವರಿನಲ್ಲಿ. ಏಳು ತಿಂಗಳು ಒಂದು ಆಸ್ಪತ್ರೆಯಲ್ಲಿ ತೋರಿಸಿಕೊಂಡವಳು ಅತ್ಯಂತ ಅಪಾಯದ ತಿಂಗಳುಗಳಲ್ಲಿ ಇನ್ನೊಂದು ಆಸ್ಪತ್ರೆಯ ಕೈಗೆ ಬರುತ್ತಾಳೆ. ಹೆರಿಗೆಯಾದ ಮೇಲೆ ಮತ್ತೆ ಅತ್ತೆಮನೆ, ಮತ್ತೆ ಬೇರೆ ಆಶಾ ಕಾರ್ಯಕರ್ತೆ. ರಕ್ತಹೀನತೆಗೆ ಯಾವ ಮದ್ದು ನಡೆದಿತ್ತು, ರಕ್ತದೊತ್ತಡ ಯಾವಾಗಿನಿಂದ ಏರಿತ್ತು ಎಂಬುದೆಲ್ಲ ತಾಯಿ ಕಾರ್ಡಿನ ಮೇಲೆ ನಿಂತಿದೆ, ಕಾರ್ಡು ಮರೆತರೆ ಅವಳ ನೆನಪಿನ ಮೇಲೆ. ಹಾಗೆಂದು ತವರಿಗೆ ಹೋಗುವುದನ್ನು ಮೂಢನಂಬಿಕೆ ಎನ್ನಲಾದೀತೇ? ಅತ್ತೆಮನೆಯಲ್ಲಿ ಸಿಗದ ವಿಶ್ರಾಂತಿ ತಾಯಿಯ ಮನೆಯಲ್ಲಿ ಸಿಗಲೆಂದು ಹೆಣ್ಣುಮಕ್ಕಳು ಕಂಡುಕೊಂಡ ವ್ಯವಸ್ಥೆ ಅದು. ನಾಲ್ಕನೆಯ ತಿಂಗಳಲ್ಲೇ ‘ಹೆರಿಗಿಗೆ ಯಾವ ಊರಿಗೆ ಹೋಗ್ತೀಯವ್ವಾ?’ ಎಂದು ಕೇಳುವ ವೈದ್ಯೆ ಮೂರು ತಿಂಗಳು ಮೊದಲೇ ಆ ಊರಿನ ಕೇಂದ್ರಕ್ಕೆ ಸುದ್ದಿ ಮುಟ್ಟಿಸಬಲ್ಲಳು. ಬಾಣಂತಿಗೆ ನೀರು ಕಡಿಮೆ ಕೊಡುವ ಪದ್ಧತಿ ಬೇರೆ ಬಗೆಯದು. ನಲವತ್ತು ಡಿಗ್ರಿ ದಾಟುವ ಬಳ್ಳಾರಿಯ ಏಪ್ರಿಲ್, ಮೇ ತಿಂಗಳಲ್ಲಿ ಅದು ಕೆಡುಕೇ. ಅಲ್ಲಿ ವೈದ್ಯೆ ಮಾತನಾಡಬೇಕಾದ್ದು ಬಾಣಂತಿಯೊಡನೆ ಮಾತ್ರವಲ್ಲ, ನೀರಿನ ಚೊಂಬು ಯಾರ ಕೈಯಲ್ಲಿದೆಯೋ ಆ ಅಜ್ಜಿಯೊಡನೆ. ಎರಡು ಪದ್ಧತಿಗಳು, ಎರಡು ಬಗೆಯ ಉತ್ತರಗಳು. ಎರಡನ್ನೂ ತಿಳಿಯುವುದು ಕೇಳಿದಾಗ ಮಾತ್ರ.

ಸಂಸ್ಕೃತಿ ಎಂದರೆ ರೋಗಿ ಹೊತ್ತು ತರುವ ಗಂಟು, ವೈದ್ಯರು ಅದನ್ನು ಬಿಚ್ಚಿ ನೋಡುವವರು ಎಂಬ ಭಾವನೆ ಬಹಳ ಬೇರು ಬಿಟ್ಟಿದೆ. ಆಸ್ಪತ್ರೆಗೂ ಸಂಸ್ಕೃತಿಯಿದೆ, ಪಠ್ಯಪುಸ್ತಕಕ್ಕೂ ಇದೆ. 2024ರ ಆಗಸ್ಟ್ ಕೊನೆಗೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊರಡಿಸಿದ ಪಠ್ಯಕ್ರಮದ ನ್ಯಾಯವೈದ್ಯ ಭಾಗದಲ್ಲಿ ಸಲಿಂಗ ಸಂಬಂಧವನ್ನು ಮತ್ತೆ ಅಸಹಜ ಅಪರಾಧಗಳ ಸಾಲಿಗೆ ಸೇರಿಸಲಾಗಿತ್ತು. 2021ರಲ್ಲಿ ಮದ್ರಾಸ್ ಹೈಕೋರ್ಟು ಇಂಥ ಪಾಠಗಳ ಬಗ್ಗೆ ಕಟುವಾಗಿ ಹೇಳಿದ ಮೇಲೆ ತೆಗೆದುಹಾಕಿದ್ದ ಸಂಗತಿಗಳು ಮರಳಿ ಬಂದಿದ್ದವು. ವಿರೋಧ ಎದ್ದಿತು, ವಾರದೊಳಗೆ ಆ ಪಠ್ಯಕ್ರಮವನ್ನು ಹಿಂತೆಗೆದುಕೊಂಡರು. ತೃತೀಯ ಲಿಂಗಿಗಳ ಗುರುತನ್ನು ಸುಪ್ರೀಂ ಕೋರ್ಟು ಮಾನ್ಯ ಮಾಡಿ ಆಗ ಹತ್ತು ವರ್ಷವಾಗಿತ್ತು. ಕುರುಗೋಡು ಸೀಮೆಯ ಕಲ್ಲುಕಂಬದಲ್ಲಿ ಹುಟ್ಟಿದ ತೃತೀಯ ಲಿಂಗಿ ಕಲಾವಿದೆ ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾಗಿ, ಪದ್ಮಶ್ರೀ ಪಡೆದ ಮೇಲಿನ ಮಾತು ಇದು. ಜೋಗತಿಯರನ್ನು ಯಲ್ಲಮ್ಮನ ಕೊಡ ಹೊತ್ತವರೆಂದು ಈ ಸೀಮೆಯ ಹಳ್ಳಿ ಶತಮಾನಗಳಿಂದ ಬಲ್ಲದು. ಅವರನ್ನು ಗಂಡಸರ ವಾರ್ಡಿಗೆ ಹಾಕಬೇಕೋ ಹೆಂಗಸರ ವಾರ್ಡಿಗೆ ಹಾಕಬೇಕೋ ಎಂದು ತಡವರಿಸುವುದು ಆಸ್ಪತ್ರೆ. ಹಾಗೆಯೇ ‘ಗಂಡನ ಹೆಸರು’ ಎಂಬ ಅಂಕಣ. ದೇವದಾಸಿಯಾಗಿ ಬಿಡುವುದನ್ನು ಕರ್ನಾಟಕ 1982ರ ಕಾಯ್ದೆಯಿಂದ ನಿಷೇಧಿಸಿತು. ಅದಕ್ಕೂ ಮೊದಲು ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳು ಈಗ ವಯಸ್ಸಾಗಿ, ಸಕ್ಕರೆ ಕಾಯಿಲೆ, ಮಂಡಿನೋವು ಹಿಡಿದು ಚೀಟಿ ಮಾಡಿಸುವ ಕಿಟಕಿಯ ಮುಂದೆ ನಿಲ್ಲುತ್ತಾರೆ. ಸಾಲಿನಲ್ಲಿ ನಿಂತ ಹತ್ತು ಜನರ ಎದುರು ಆ ಅಂಕಣವನ್ನು ಗಟ್ಟಿಯಾಗಿ ಕೇಳಿದರೆ ಅವರು ಮುಂದಿನ ಸಲ ಬರುವುದಿಲ್ಲ. ‘ಸಂಬಂಧಿಕರ ಹೆಸರು’ ಎಂದು ಮುದ್ರಿಸಿದರೆ ಯಾವ ಚಿಕಿತ್ಸೆ ಕೆಡುತ್ತದೆ?

ಇನ್ನು ಆಕ್ಷೇಪಗಳು. ಹೆಚ್ಚಾಗಿ ಕೇಳಿಬರುವುದು ಹೊತ್ತಿನ ಮಾತು. ದಿನಕ್ಕೆ ನೂರಾರು ರೋಗಿಗಳು, ಕೇಳುತ್ತ ಕೂತರೆ ಸಾಲು ಕರಗುವುದು ಯಾವಾಗ? ಈ ಕಷ್ಟ ನಿಜವಾದದ್ದು. 67 ದೇಶಗಳ ಮಾಹಿತಿಯನ್ನು ಒಟ್ಟುಮಾಡಿ 2017ರಲ್ಲಿ ಪ್ರಕಟವಾದ ವಿಮರ್ಶೆಯಲ್ಲಿ ಭಾರತದ ಪ್ರಾಥಮಿಕ ಚಿಕಿತ್ಸೆಯ ಸರಾಸರಿ ಭೇಟಿ ಎರಡು ನಿಮಿಷದ ಆಸುಪಾಸು ಮಾತ್ರ. ಆದರೆ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಒಂದು ಹೊರರೋಗಿ ವಿಭಾಗದಲ್ಲಿ 335 ರೋಗಿಗಳನ್ನು ತಡೆಯದೆ ಮಾತನಾಡಲು ಬಿಟ್ಟು ಅಳೆದರು. 2002ರಲ್ಲಿ ಪ್ರಕಟವಾದ ಆ ಅಳತೆಯಂತೆ ರೋಗಿಗಳು ಸರಾಸರಿ 92 ಸೆಕೆಂಡಿನಲ್ಲಿ ತಾವೇ ಮಾತು ಮುಗಿಸಿದರು. ಅಲ್ಲಿನ ಬಿಡುವು ಇಲ್ಲಿಲ್ಲ, ಒಪ್ಪುತ್ತೇನೆ. ಎರಡು ನಿಮಿಷದಲ್ಲಿ ಒಂದೂವರೆ ನಿಮಿಷ ಕೇಳುವುದಕ್ಕೇ ಹೋದರೆ ನಾಡಿ ಹಿಡಿಯುವುದು ಯಾವಾಗ ಎಂಬ ಪ್ರಶ್ನೆಗೆ ಉತ್ತರ ಹೆಚ್ಚು ವೈದ್ಯರನ್ನು ನೇಮಿಸುವುದರಲ್ಲಿದೆ, ಅದನ್ನು ಸರ್ಕಾರದಿಂದ ಕೇಳಲೇಬೇಕು. ಅದರ ನಡುವೆಯೂ ಒಂದು ಸಾಲು ಬರೆಯಲು ಹತ್ತು ಸೆಕೆಂಡು ಸಾಕು. ಇನ್ನು, ಇದು ವಿದ್ಯಾರ್ಥಿಗಳ ಮಾತು. ಒಳರೋಗಿಯ ಪಕ್ಕದಲ್ಲಿ ಅವರು ಕೂರುವುದು ಅರ್ಧ ಗಂಟೆ, ಕೆಲವೊಮ್ಮೆ ಒಂದು ಗಂಟೆ. ಜೀವಮಾನದಲ್ಲಿ ಅಷ್ಟು ಹೊತ್ತು ಅವರಿಗೆ ಮತ್ತೆ ಸಿಗಲಾರದು.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರ. 2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಹೆಣ್ಣುಮಕ್ಕಳು ಒಬ್ಬರ ಹಿಂದೊಬ್ಬರಂತೆ ತೀರಿಕೊಂಡರು. ಅವರಿಗೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ ಸಂಶಯ ಬಿದ್ದು ರಾಜ್ಯಾದ್ಯಂತ ಅದರ ಬಳಕೆ ನಿಲ್ಲಿಸಲಾಯಿತು. ಇಂಥ ಊರಿನಲ್ಲಿ ಸಂಸ್ಕೃತಿಯ ಪಾಠ ಹೇಳುವುದು ಯಾವ ನ್ಯಾಯ, ಮೊದಲು ಒಳ್ಳೆಯ ಬಾಟಲಿ ಕೊಡಿ ಎಂದು ಯಾರಾದರೂ ಕೇಳಿದರೆ ನಾನು ತಲೆಬಾಗುತ್ತೇನೆ. ಕೆಟ್ಟ ಔಷಧಿಯನ್ನು ವೈದ್ಯರ ಸವಿಮಾತು ಸರಿಮಾಡಲಾರದು. ಬಡತನವನ್ನು, ಹಾಸಿಗೆಯ ಕೊರತೆಯನ್ನು, ಜಾತಿಯ ಅವಮಾನವನ್ನು ‘ಸಾಂಸ್ಕೃತಿಕ ಅಂತರ’ ಎಂಬ ನಯವಾದ ಮಾತಿನಿಂದ ಮುಚ್ಚಲು ಈ ಪಾಠವನ್ನು ಬಳಸಿದರೆ ಅದನ್ನು ವಿರೋಧಿಸುವವರಲ್ಲಿ ನಾನೂ ಇರುತ್ತೇನೆ. ಆದರೂ ಒಂದು ಮಾತು. ಔಷಧಿಯಿಂದಾದ ಕೇಡನ್ನು ಮೊದಲು ಹೇಳುವುದು ರೋಗಿಯ ಮೈ. ಬಾಟಲಿ ಏರಿಸಿದ ಮೇಲೆ ಬಾಣಂತಿ ‘ಚಳಿ ಹತ್ತೈತಿ, ಜೀವ ಒಂಥರಾ ಆಗತೈತಿ’ ಎಂದಾಗ ಅದನ್ನು ಗಾಬರಿ ಎಂದು ತಳ್ಳಿಹಾಕದೆ ಹೊತ್ತಿನ ಸಮೇತ ಬರೆದಿಡುವ ವಾರ್ಡು, ಯಾವ ಕಾರಣದ ಅಪಾಯವನ್ನಾದರೂ ಬೇಗ ಗುರುತಿಸುತ್ತದೆ. ಒಳ್ಳೆಯ ಔಷಧಿಗೂ ಒಳ್ಳೆಯ ಕಿವಿಗೂ ಜಗಳವಿಲ್ಲ.

ಮೂಢನಂಬಿಕೆಗೆ ಮಣೆ ಹಾಕಿದಂತಾಗುವುದಿಲ್ಲವೇ ಎಂದು ವಿಚಾರವಾದಿ ಮಿತ್ರರು ಕೇಳುತ್ತಾರೆ. ಕಾಮಣಿಯಾದ ಕೂಸಿಗೆ ಬರೆ ಹಾಕುವುದನ್ನು, ಹಾವು ಕಡಿದವರನ್ನು ಮಂತ್ರ ಹಾಕಿಸುತ್ತ ಕೂರಿಸುವುದನ್ನು ನಾನು ಯಾವ ಹೆಸರಿನಲ್ಲೂ ಸಮರ್ಥಿಸುವುದಿಲ್ಲ. 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ ಎಂದು ಅಂದಾಜಾಗಿದೆ. 2024ರಿಂದ ಕರ್ನಾಟಕದಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ತಿಳಿಸುವುದು ಕಡ್ಡಾಯ. ಸಿರುಗುಪ್ಪದ ಭತ್ತದ ಗದ್ದೆಯಲ್ಲಿ ಕೆಲಸ ಮಾಡುವವರಿಗೆ ಹಾವು ದಿನದ ಅಪಾಯ. ಆದರೆ ಮಂತ್ರ ಹಾಕಿಸಿ ಬಂದೆವು ಎಂದು ಹೇಳಿದವರನ್ನು ವಾರ್ಡಿನಲ್ಲಿ ನಾಲ್ಕು ಜನರೆದುರು ಬೈದರೆ, ಮುಂದಿನವರು ಮಂತ್ರವನ್ನು ಬಿಡುವುದಿಲ್ಲ, ಹೇಳುವುದನ್ನು ಬಿಡುತ್ತಾರೆ. ಕಡಿದು ಎಷ್ಟು ಹೊತ್ತಾಯಿತು, ಗಾಯಕ್ಕೆ ಏನು ಹಚ್ಚಿದರು, ಎಲ್ಲಿ ಬಿಗಿಯಾಗಿ ಕಟ್ಟಿದರು ಎಂಬುದು ವೈದ್ಯರಿಗೆ ತಿಳಿಯಲೇಬೇಕಾದ ಸಂಗತಿ, ಬೈಗುಳ ಆ ಬಾಗಿಲನ್ನು ಮುಚ್ಚುತ್ತದೆ. ಇನ್ನೊಂದನ್ನೂ ಹೇಳಬೇಕು. ಜ್ವರ ಬಂದರೆ ಸೂಜಿ, ಸುಸ್ತಾದರೆ ಗ್ಲೂಕೋಸ್ ಬಾಟಲಿ ಎಂಬ ನಂಬಿಕೆ ಯಾವ ಪುರಾಣದಿಂದಲೂ ಬಂದದ್ದಲ್ಲ, ಅದನ್ನು ಜನರಿಗೆ ಕಲಿಸಿದ್ದು ದವಾಖಾನೆಗಳು. ಅದನ್ನೂ ಮೂಢನಂಬಿಕೆಯ ಪಟ್ಟಿಯಲ್ಲಿ ಬರೆದುಕೊಂಡರೆ ನಮ್ಮ ವಿಚಾರವಾದಕ್ಕೆ ತೂಕ ಬರುತ್ತದೆ.

ಸ್ಥಳೀಯ ವಿದ್ಯಾರ್ಥಿಗಳು ಬಂದರೆ ಈ ಸಮಸ್ಯೆ ತಾನಾಗಿ ತೀರುತ್ತದೆ ಎಂಬ ವಾದವೂ ಇದೆ. ಸಂವಿಧಾನದ 371ಜೆ ವಿಧಿಯಿಂದ ಈ ಭಾಗದ ಮಕ್ಕಳಿಗೆ ವೈದ್ಯಕೀಯ ಸೀಟು ಹೆಚ್ಚು ಸಿಗುತ್ತಿದೆ, ಅದು ದೊಡ್ಡ ಗಳಿಕೆ. ಆದರೆ ತೆಕ್ಕಲಕೋಟೆಯ ಹುಡುಗಿ ಐದು ವರ್ಷ ಇಂಗ್ಲಿಷಿನಲ್ಲಿ ಓದಿ, ಇಂಗ್ಲಿಷಿನಲ್ಲಿ ರೋಗಿಯನ್ನು ಒಪ್ಪಿಸಿ, ಅದಕ್ಕೇ ಅಂಕ ಪಡೆದ ಮೇಲೆ, ತನ್ನ ಅಜ್ಜಿಯ ಮಾತು ಶಾಸ್ತ್ರಕ್ಕೆ ಕೆಳಗಿನದು ಎಂಬ ಭಾವ ಅವಳಲ್ಲೂ ಬೆಳೆಯುತ್ತದೆ. ಮನೆಯಿಂದ ತಂದ ಅರಿವನ್ನು ಕಾಲೇಜು ಮರೆಸುತ್ತದೆ ಎಂದರೆ ಅತಿಶಯವಲ್ಲ. ಕನ್ನಡದಲ್ಲಿ ಬರೆದ ವೈದ್ಯರು ನಮ್ಮಲ್ಲಿದ್ದರು. ಡಿ.ಎಸ್. ಶಿವಪ್ಪ ವೈದ್ಯಪದಗಳಿಗೆ ಕನ್ನಡ ನಿಘಂಟು ಕಟ್ಟಿದ್ದು, ಡಾ. ಅನುಪಮಾ ನಿರಂಜನ ‘ತಾಯಿ-ಮಗು’ ಬರೆದದ್ದು, ರಾ.ಶಿ. ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ನಮ್ಮ ಹೆಮ್ಮೆ. ವೈದ್ಯವಿದ್ಯಾರ್ಥಿಯ ಪಠ್ಯದಲ್ಲಿ ಅವಕ್ಕೆ ಒಂದು ಪುಟದ ಜಾಗವೂ ಸಿಕ್ಕಿಲ್ಲ.

ಇಂಥ ಪಾಠಗಳಿಂದ ರೋಗಿಗಳ ಆರೋಗ್ಯ ನಿಜವಾಗಿ ಸುಧಾರಿಸಿದ್ದಕ್ಕೆ ಆಧಾರವೇನು ಎಂದು ಕೇಳುವವರಿಗೆ ಪ್ರಾಮಾಣಿಕ ಉತ್ತರ ಕೊಡಬೇಕು: ಆಧಾರ ತೆಳುವಾಗಿದೆ. 2014ರ ಕಾಕ್ರೇನ್ ವಿಮರ್ಶೆಗೆ ಜಗತ್ತಿನಲ್ಲೆಲ್ಲ ಸಿಕ್ಕಿದ್ದು ಐದೇ ಪ್ರಯೋಗಗಳು, ಅವುಗಳ ಫಲಿತಾಂಶವೂ ಮಿಶ್ರ. ಅದಕ್ಕಾಗಿಯೇ ನಾನು ಹೊಸ ವಿಭಾಗವನ್ನೋ ಹೊಸ ಹುದ್ದೆಯನ್ನೋ ಕೇಳುತ್ತಿಲ್ಲ. ಕೇಳುತ್ತಿರುವುದು ಬಹಳ ಅಗ್ಗದ್ದು, ಅಳೆಯಲು ಬರುವಂಥದ್ದು. ವಾರ್ಡಿನಲ್ಲಿ ಪಾಠ ಹೇಳುವ ಗುರುಗಳಲ್ಲಿ, ಪರೀಕ್ಷಕರಲ್ಲಿ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ನನ್ನ ಬೇಡಿಕೆ ಇದು. ಕೇಸ್‌ಶೀಟಿನ ಮುಖ್ಯ ತೊಂದರೆಯ ಸಾಲನ್ನು ರೋಗಿ ಆಡಿದ ಮಾತಿನಲ್ಲೇ, ಕನ್ನಡವಾದರೆ ಕನ್ನಡ ಲಿಪಿಯಲ್ಲಿ, ತೆಲುಗು, ಉರ್ದು, ಲಂಬಾಣಿಯಾದರೆ ವಿದ್ಯಾರ್ಥಿಗೆ ಬರುವ ಲಿಪಿಯಲ್ಲಿ ಬರೆಯಿಸಿ. ಅದರ ಕೆಳಗೆ ಇಂಗ್ಲಿಷಿನ ವೈದ್ಯಪದ ಬರಲಿ. ಎರಡರ ನಡುವಿನ ದಾರಿಯನ್ನು ವಿದ್ಯಾರ್ಥಿ ಬಾಯಿಬಿಟ್ಟು ವಿವರಿಸಲಿ: ಈ ‘ಸಂಕಟ’ವನ್ನು ನೀನು ಹೊಟ್ಟೆಯದೆಂದು ಯಾಕೆ ತಿಳಿದೆ, ಹೃದಯದ್ದಲ್ಲವೆಂದು ಹೇಗೆ ಖಚಿತ ಮಾಡಿಕೊಂಡೆ? ರೋಗಿಗೆ ಯಾವುದರ ಹೆದರಿಕೆ ಎಂದು ಕೇಳಿದೆಯಾ? ಆ ಪದಗಳನ್ನು ಕಲಿಸಲು ವಾರ್ಡಿನ ದಾದಿಯರನ್ನು, ಆಯಾಗಳನ್ನು, ಆಶಾ ಕಾರ್ಯಕರ್ತೆಯರನ್ನು ಗೌರವಧನ ಕೊಟ್ಟು ಗುರುಗಳಾಗಿ ಕರೆಯಿರಿ. ಈಗಲೂ ರಾತ್ರಿ ಪಾಳಿಯಲ್ಲಿ ಹೊರರಾಜ್ಯದ ಕಿರಿಯ ವೈದ್ಯರಿಗೆ ದುಭಾಷಿಗಳಾಗಿ ನಿಲ್ಲುವವರು ಅವರೇ. ಪ್ರಾಯೋಗಿಕ ಪರೀಕ್ಷೆಯಲ್ಲಿ ಇದಕ್ಕೆ ಐದು ಅಂಕ ಇಡಿ. ಬಳ್ಳಾರಿಯ ಕಾಲೇಜಿನಿಂದಲೇ ಈ ವರ್ಷವೇ ಇದನ್ನು ಆರಂಭಿಸಿ.